ಅಲಗಿನ ಹೊಳಪೂ ಅಲಗಿನ ಕೆಲಸವೂ

ಮಡಚಿ ಜೇಬಿನಲ್ಲಿಟ್ಟುಕೊಳ್ಳುವ ಚಾಕುವಿನ ವಿಷಯದಲ್ಲಿ ಈಚೆಗೆ ಒಂದು ವಿಚಿತ್ರವಾದ ಅಭಿರುಚಿ ಬೆಳೆದುಬಂದಿದೆ. ಅದರ ಬಾಯಿ ಪ್ರತಿಬಿಂಬ ಕಾಣುವಷ್ಟು ನುಣುಪಾಗಿರಬೇಕು, ಮುಂಗೈಯ ಕೂದಲನ್ನು ಸೋಕಿದೊಡನೆಯೇ ಬೋಳಿಸಬೇಕು, ಅದಕ್ಕಾಗಿ ಒಂದಕ್ಕಿಂತ ಒಂದು ನಯವಾದ ಐದಾರು ಕಲ್ಲುಗಳನ್ನು ದೂರದೇಶಗಳಿಂದ ತರಿಸಿಟ್ಟುಕೊಳ್ಳಬೇಕು ಎಂಬುದೇ ಆ ಅಭಿರುಚಿ. ಉಕ್ಕಿಗೆ ಮೆರುಗು ಕೊಡುವುದರಲ್ಲಿ ಒಂದು ಸಾತ್ತ್ವಿಕವಾದ ಸುಖವಿದೆಯೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಟೊಮೇಟೊ ಹೆಚ್ಚುವ, ಗೋಣಿಯ ಹುರಿಯನ್ನು ಕತ್ತರಿಸುವ, ರಟ್ಟಿನ ಪೆಟ್ಟಿಗೆಯನ್ನು ಬಿಚ್ಚುವ ಚಾಕುವಿಗೆ ಆ ಮೆರುಗಿನಿಂದ ಉಪಕಾರವಾಗುವುದೆಂದು ಯಾರಾದರೂ ಹೇಳಿದರೆ ಅದನ್ನು ಒಪ್ಪುವುದು ನನ್ನಿಂದಾಗದು.

ಕಣ್ಣಿಗೆ ನೇರವಾದ ಗೆರೆಯಂತೆ ತೋರುವ ಚಾಕುವಿನ ಬಾಯಿ ಸೂಕ್ಷ್ಮದರ್ಶಕದ ಕೆಳಗೆ ಏರುಪೇರಾದ ಗರಗಸದಂತಿರುತ್ತದೆ. ಕಲ್ಲಿನ ಕಣಗಳು ಉಕ್ಕಿನ ಮೇಲೆ ಎಳೆದುಹೋದ ಗೀರುಗಳು ಅಂಚಿಗೆ ಬಂದು ಮುಗಿಯುವಲ್ಲಿ ಒಂದೊಂದೂ ಒಂದೊಂದು ಹಲ್ಲಾಗಿ ನಿಲ್ಲುತ್ತವೆ. ಜಪಾನಿನ 1000 ಅಂಕದ ಕಲ್ಲಿನ ಕಣ ಸುಮಾರು 12 ಮೈಕ್ರಾನ್ ಗಾತ್ರದ್ದಾದರೆ 8000 ಅಂಕದ ಕಣ ಹೆಚ್ಚುಕಡಮೆ 1 ಮೈಕ್ರಾನಿನದು. ಮೊದಲನೆಯದು ಬಿಟ್ಟುಹೋಗುವ ಹಲ್ಲುಗಳನ್ನು ಎರಡನೆಯದು ಸವೆಸಿ ಅಳಿಸಿಬಿಡುತ್ತದೆ. ಜಾರುವ ಸಿಪ್ಪೆಯನ್ನೂ ನಾರಿನ ಹುರಿಯನ್ನೂ ನಾವು ಕೊಯ್ಯುವುದು ಚಾಕುವನ್ನು ಎಳೆಯುವುದರಿಂದ. ಎಳೆಯುವಾಗ ಹಿಡಿತ ಕೊಡತಕ್ಕವು ಆ ಹಲ್ಲುಗಳೇ ಆದಕಾರಣ, ಅವುಗಳನ್ನು ಶ್ರಮಪಟ್ಟು ನಿರ್ಮೂಲಮಾಡಿದವನ ಚಾಕು ಮುಂಗೈಯನ್ನು ಅಂದವಾಗಿ ಬೋಳಿಸಿಯೂ ಟೊಮೇಟೊದ ಮೇಲೆ ಜಾರುವುದರಲ್ಲಿ ಆಶ್ಚರ್ಯವೇನಿಲ್ಲ. ಎಳೆಯದೆ ನೇರವಾಗಿ ಒತ್ತಿ ಕೊಯ್ಯತಕ್ಕ ಕೆಲಸಗಳಿಗೆ, ಅಂದರೆ ಮರವನ್ನು ಕೆತ್ತುವುದಕ್ಕೂ ಕ್ಷೌರಕ್ಕೂ, ನುಣುಪಾದ ಬಾಯಿಯೇ ಉಚಿತವಾದದ್ದು. ಕ್ಷೌರಿಕನು ಕತ್ತಿಯನ್ನು ಚರ್ಮದ ಪಟ್ಟಿಗೆ ತೀಡುವುದು ಸುಮ್ಮನೆ ಅಲ್ಲ.

ಕಲ್ಲುಗಳ ವಂಶಾವಳಿ ರಮ್ಯವಾದದ್ದೇ ಸರಿ. ಅಮೆರಿಕದ ಆರ್ಕನ್ಸಾ ಸಂಸ್ಥಾನದ ವಾಷಿಟಾ ಬೆಟ್ಟಗಳಲ್ಲಿ ಸಿಕ್ಕುವ ನೊವ್ಯಾಕ್ಯುಲೈಟ್ ಬಹುಮಟ್ಟಿಗೆ ಶುದ್ಧವಾದ ಸಿಲಿಕಾ. ಬೆಲ್ಜಿಯಮ್ಮಿನ ಆರ್ಡೆನ್ ಪ್ರಾಂತದ ಹಳದಿಯ ಕೋಟಿಕ್ಯೂಲ್ ಕಲ್ಲಿನಲ್ಲಿ ಉಕ್ಕನ್ನು ಸವೆಸುವುದು ಅದರೊಳಗೆ ಹುದುಗಿರುವ ಗಾರ್ನೆಟ್ಟಿನ ಸೂಕ್ಷ್ಮ ಕಣಗಳು. ನಮ್ಮ ದೇಶದ ಸಾಣೆಗಾರರು ಕುರಂದದ ಕಲ್ಲನ್ನು ಪುಡಿಮಾಡಿ ಅರಗಿನಲ್ಲಿ ಕಲಸಿ ಚಕ್ರಗಳನ್ನು ಮಾಡಿಕೊಳ್ಳುತ್ತಿದ್ದರು. ಆ ಕುರಂದ ಹಳೆಯ ಮೈಸೂರು ಸೀಮೆಯ ನೆಲದಲ್ಲಿಯೂ ದೊರೆಯುತ್ತದೆ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಎಂಬುವನು ಜೇಡಿಮಣ್ಣನ್ನೂ ಕೋಕಿನ ಪುಡಿಯನ್ನೂ ಕೂಡಿಸಿ ವಿದ್ಯುತ್ತಿನಿಂದ ಕಾಯಿಸಿದಾಗ ಕಾರ್ಬೊರಂಡಮ್ ಹುಟ್ಟಿತು. ಇಂದು ಯಾವ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಕೇಳಿದೊಡನೆ ಸಿಕ್ಕುವ, ಒಂದು ಮುಖ ಒರಟು ಇನ್ನೊಂದು ಮುಖ ನಯವಾದ ಬೂದುಬಣ್ಣದ ಕಲ್ಲು ಅದರ ಸಂತಾನ. ಸಾಮಾನ್ಯನ ಚಾಕುವಿಗೆ ಈ ಒಂದು ಕಲ್ಲೂ ಹಳೆಯ ಸೊಂಟಪಟ್ಟಿಯ ಒಂದು ತುಂಡೂ ಸಾಕೆಂದು ನನ್ನ ಅಭಿಪ್ರಾಯ.

ಕಲ್ಲಿಗಿಂತ ಹೆಚ್ಚಿನದು ಕೋನ. ಎರಡು ಸೆಂಟಿಮೀಟರ್ ಅಗಲದ ಅಲಗಿನ ಬೆನ್ನನ್ನು ಕಲ್ಲಿನಿಂದ ಏಳು ಮಿಲಿಮೀಟರಿನಷ್ಟು ಮೇಲೆತ್ತಿ ಹಿಡಿದರೆ ಅದು 20 ಡಿಗ್ರಿಗೆ ತೀರ ಹತ್ತಿರ. ಅಂಚಿನ ಇಳಿಜಾರಿಗೆ ಮಾರ್ಕರ್ ಪೆನ್ನಿನ ಕಪ್ಪು ಬಳಿದು ಎರಡು ಸಲ ಮಸೆದು ನೋಡಬೇಕು: ಮಸಿ ಬೆನ್ನಿನ ಕಡೆ ಮಾತ್ರ ಅಳಿಸಿದ್ದರೆ ಅಲಗು ಬಾಗಿದ್ದು ಹೆಚ್ಚಾಯಿತು, ತುದಿಯಲ್ಲಿ ಮಾತ್ರ ಅಳಿಸಿದ್ದರೆ ಬೆನ್ನು ಎತ್ತಿದ್ದು ಹೆಚ್ಚಾಯಿತು. ಒಂದು ಬದಿಯನ್ನೇ ಮಸೆಯುತ್ತ ಹೋದಂತೆ ಲೋಹದ ಅತಿ ತೆಳುವಾದ ಎಸಳೊಂದು ಆಚೆ ಬದಿಗೆ ಮಗುಚಿಕೊಳ್ಳುವುದು, ಬೆನ್ನಿನಿಂದ ಬಾಯಿಯ ಕಡೆಗೆ ಹೆಬ್ಬೆರಳನ್ನು ಮೆಲ್ಲಗೆ ಜಾರಿಸಿದರೆ ತಿಳಿಯುತ್ತದೆ. ಅದು ಬುಡದಿಂದ ಮೊನೆಯವರೆಗೆ ಎದ್ದಿತೆಂದು ಖಚಿತವಾಗುವವರೆಗೂ ಬದಿಯನ್ನು ಬದಲಿಸಬಾರದು. ಕೊನೆಗೆ ಆ ಎಸಳನ್ನು ಕಳಚಿಹಾಕಲು ನಯವಾದ ಮುಖದ ಮೇಲೆ ಭಾರ ಬಿಡದ ಕೆಲವು ಎಳೆತಗಳು, ಅನಂತರ ಚರ್ಮಕ್ಕೆ ನಾಲ್ಕಾರು ಸಲ ತೀಡುವಿಕೆ. ಮೊಂಡು ಚಾಕುಗಳ ಬಹುಪಾಲು ಕಲ್ಲಿನ ದೋಷದಿಂದ ಮೊಂಡಾದವಲ್ಲ, ಈ ಎಸಳನ್ನು ಎಬ್ಬಿಸದೆಯೋ ಕಳಚದೆಯೋ ಬಿಟ್ಟದ್ದರಿಂದ ಮೊಂಡಾದವು. ಬೀದಿಯಲ್ಲಿ ಸೈಕಲ್ ತುಳಿದು ತಿರುಗಿಸುವ ಚಕ್ರದಲ್ಲಿ ಸಾಣೆ ಹಿಡಿಯುವವರಲ್ಲಿ ನನಗೆ ಗೌರವವಿದೆ. ಮಚ್ಚು ಕುಡುಗೋಲುಗಳನ್ನು ಅವರಿಗೆ ಧಾರಾಳವಾಗಿ ಒಪ್ಪಿಸಬಹುದು. ಜೇಬುಚಾಕುವಿನ ತೆಳುವಾದ ಅಲಗು ಮಾತ್ರ ನೀರಿಲ್ಲದ ಚಕ್ರದ ಕಾವನ್ನು ತಾಳದು. ಅಂಚಿನಲ್ಲಿ ನೀಲಿಬಣ್ಣ ಕಂಡಿತೆಂದರೆ ಉಕ್ಕು 300 ಡಿಗ್ರಿ ಸೆಲ್ಸಿಯಸ್ಸಿನ ಸಮೀಪಕ್ಕೆ ಹೋಗಿ ಹದ ಕಳೆದುಕೊಂಡಿತೆಂದೇ ಅರ್ಥ.

ಅಂಗಡಿಯ ಒಂದು ಕಲ್ಲೇ ಸಾಕೆಂಬ ಮಾತು ಶೇಕಡ ನಾಲ್ಕರಷ್ಟು ವೆನೇಡಿಯಮ್ ಇರುವ ಎಸ್30ವಿ ಮೊದಲಾದ ಹೊಸ ಉಕ್ಕುಗಳಿಗೆ ಪೂರ್ತಿಯಾಗಿ ಅನ್ವಯಿಸದು. ಅವುಗಳೊಳಗಿನ ವೆನೇಡಿಯಮ್ ಕಾರ್ಬೈಡ್ ಕಣಗಳು ಕುರಂದಕ್ಕಿಂತಲೂ ಗಡುಸು. ಅಂಥ ಚಾಕುವನ್ನು ಕೊಂಡವರು ವಜ್ರದ ಪುಡಿ ಹತ್ತಿಸಿದ ತಗಡನ್ನೂ ಕೊಳ್ಳುವುದು ಮೇಲು.

ಹೊಳಪನ್ನು ನಿಜವಾಗಿ ಬೇಡುವ ಮಡಚುಚಾಕು ಒಂದಿದೆ, ಅದು ಕಸಿಯ ಚಾಕು. ಮಾವಿನ ಕಸಿಕಡ್ಡಿಯ ಬುಡವನ್ನು ಬೆಣೆಯಾಗಿ ಕೊಯ್ಯುವಾಗ ಆ ಕೊಯ್ತ ಸಮತಟ್ಟಾಗಿರಬೇಕು, ಒಂದೇ ಎಳೆತಕ್ಕೆ ಮುಗಿಯಬೇಕು. ತೊಗಟೆಗೂ ಕಟ್ಟಿಗೆಗೂ ನಡುವೆ ಕೆಲವೇ ಜೀವಕೋಶಗಳಷ್ಟು ದಪ್ಪದ ಕೇಂಬಿಯಮ್ ಪದರವಿದ್ದು, ಕಡ್ಡಿಯದೂ ಬೇರುಸಸಿಯದೂ ಒಂದನ್ನೊಂದು ಮುಟ್ಟಿದರಷ್ಟೇ ಕಸಿ ಕೂಡಿಕೊಳ್ಳುತ್ತದೆ. ಹಲ್ಲಿರುವ ಬಾಯಿ ಆ ಕೋಶಗಳನ್ನು ಕೊಯ್ಯುವ ಬದಲು ಹರಿದು ಜಜ್ಜುತ್ತದೆ. ಕೊಯ್ತ ಸಮತಟ್ಟಾಗಿ ಬರಲೆಂದೇ ಕಸಿಚಾಕುಗಳಲ್ಲಿ ಹಲವನ್ನು ಒಂದೇ ಬದಿಗೆ ಇಳಿಜಾರು ಕೊಟ್ಟು ಇನ್ನೊಂದು ಬದಿಯನ್ನು ಚಪ್ಪಟೆಯಾಗಿ ಬಿಟ್ಟಿರುತ್ತಾರೆ. ಆ ಚಪ್ಪಟೆಯ ಬದಿಯನ್ನು ಕಲ್ಲಿನ ಮೇಲೆ ಮಟ್ಟಸವಾಗಿ ಇಟ್ಟಲ್ಲದೆ ಮಸೆಯಕೂಡದು. ನುಣುಪಿನ ಕಲ್ಲಿಗೆ ಹಣ ಹಾಕಬೇಕಾದವನು ಯಾವನಾದರೂ ಇದ್ದರೆ ಅವನು ನರ್ಸರಿಯವನು. ಕಸಿ ಕಟ್ಟುವುದನ್ನು ಕಲಿಸುವ ತರಬೇತಿಗಳಲ್ಲಿ ಚಾಕುವಿನ ಜೊತೆಗೆ 3000 ಅಂಕಕ್ಕೆ ಕಡಮೆಯಲ್ಲದ ಒಂದು ಕಲ್ಲನ್ನೂ ಕೊಟ್ಟು, ಮೊದಲ ದಿನದ ಬೆಳಗನ್ನು ಮಸೆಯುವುದಕ್ಕೇ ಮೀಸಲಿಟ್ಟು, ಗಿಡವನ್ನು ಮುಟ್ಟಿಸುವುದು ಮಧ್ಯಾಹ್ನದ ಮೇಲೆ ಎಂದು ಗೊತ್ತುಮಾಡುವುದು ಯುಕ್ತವೆಂದು ನನಗೆ ತೋರುತ್ತದೆ.