ಟೆಟ್ ಪಾಸಾದರೆ ಸಾಕೇ? ಆರೋಗ್ಯ, ವೃತ್ತಿ ಪಾಠಕ್ಕೆ ಪರೀಕ್ಷೆ ಎಲ್ಲಿ?

* ಗಡಿನಾಡಿನ ಸಣ್ಣ ಶಾಲೆಗಳಲ್ಲಿ ಎಲ್ಲದಕ್ಕೂ ಒಬ್ಬರೇ ಟೀಚರ್
* ತರಬೇತಿಯಲ್ಲಿ ಇರುವ ಪಾಠ ಅರ್ಹತಾ ಪರೀಕ್ಷೆಯಲ್ಲಿ ಮಾಯ

ಕಾಸರಗೋಡು: ಶಾಲೆಯ ಬಾವಿಗೆ ಎಷ್ಟು ಬ್ಲೀಚಿಂಗ್ ಪೌಡರ್ ಹಾಕಬೇಕು? ನಾಯಿ ಕಚ್ಚಿದ ಮಗುವನ್ನು ಆಸ್ಪತ್ರೆಗೆ ಒಯ್ಯುವ ಮೊದಲು ಏನು ಮಾಡಬೇಕು? ತೆಂಗಿನ ಮಡಲು, ಅಡಿಕೆ ಹಾಳೆ ಕೊಟ್ಟರೆ ಮಕ್ಕಳ ಕೈಯಲ್ಲಿ ಏನು ಮಾಡಿಸಬಹುದು? ಎಲ್.ಪಿ. ಶಾಲೆಯ ಅಧ್ಯಾಪಕರಿಗೆ ಇಂಥ ಪ್ರಶ್ನೆ ಯಾವತ್ತು ಬೇಕಾದರೂ ಎದುರಾಗಬಹುದು. ಆದರೆ ಅವರ ಅರ್ಹತೆಯನ್ನು ಅಳೆಯುವ ಪರೀಕ್ಷೆಯಲ್ಲಿ ಇವಕ್ಕೆ ಜಾಗ ಇಲ್ಲವೆಂದೇ ಹೇಳಬೇಕು.

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಬಳಿಕ ಟೆಟ್ ವಿಚಾರ ಸ್ಟಾಫ್ ರೂಮುಗಳಲ್ಲಿ ದೊಡ್ಡ ಚರ್ಚೆಯಾಯಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಬಾಕಿ ಇರುವ ಅಧ್ಯಾಪಕರು ಎರಡು ವರ್ಷದೊಳಗೆ ಟೆಟ್ ಪಾಸಾಗಬೇಕು ಎಂದು ಕೋರ್ಟ್ ಹೇಳಿತು. ಯಾರಿಗೆ ವಿನಾಯಿತಿ, ಯಾರಿಗೆ ಇಲ್ಲ ಎಂಬ ಲೆಕ್ಕಾಚಾರವೇ ಎಲ್ಲೆಡೆ ನಡೆಯಿತು. ಈ ಪರೀಕ್ಷೆ ಏನನ್ನು ಅಳೆಯುತ್ತದೆ, ಏನನ್ನು ಬಿಡುತ್ತದೆ ಎಂದು ಕೇಳಿದವರು ಕಡಿಮೆ.

150 ಅಂಕದ ಲೆಕ್ಕ

ಕೇರಳದಲ್ಲಿ 2012ರಿಂದ ಕೆ-ಟೆಟ್ ನಡೆಯುತ್ತಿದೆ. ಎಲ್.ಪಿ. ವಿಭಾಗದ ಪರೀಕ್ಷೆಗೆ 150 ಅಂಕ. ಶಿಶು ವಿಕಾಸ ಮತ್ತು ಬೋಧನಾ ಕ್ರಮ, ಎರಡು ಭಾಷೆ, ಗಣಿತ, ಪರಿಸರ ಅಧ್ಯಯನ - ಹೀಗೆ ಐದು ಭಾಗ, ತಲಾ 30 ಪ್ರಶ್ನೆ. ಮೊದಲ ಭಾಷೆಯಾಗಿ ಕನ್ನಡವನ್ನು ಆರಿಸಬಹುದು ಎಂಬುದು ಗಡಿನಾಡಿಗೆ ಸಮಾಧಾನದ ಸಂಗತಿ. ಸಾಮಾನ್ಯ ವಿಭಾಗದವರಿಗೆ ಶೇ. 60, ಅಂದರೆ 90 ಅಂಕ ಬೇಕು.

ಇದರಲ್ಲಿ ಚಿತ್ರಕಲೆ, ಕರಕುಶಲ, ದೈಹಿಕ ಶಿಕ್ಷಣಕ್ಕೆ ಪ್ರತ್ಯೇಕ ಭಾಗ ಇಲ್ಲ. ಪರಿಸರ ಅಧ್ಯಯನದಲ್ಲಿ ನೈರ್ಮಲ್ಯದ ಬಗ್ಗೆ ಒಂದೆರಡು ಪ್ರಶ್ನೆ ಬಂದರೂ ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸಿದರೆ ಆಯ್ತು. ತಪ್ಪಿದರೆ ಅಂಕ ಕಡಿತವೂ ಇಲ್ಲ. ಗೊತ್ತಿರುವುದು ಬೇರೆ, ಮಾಡಿ ತೋರಿಸುವುದು ಬೇರೆ. ಈಜಿನ ಪುಸ್ತಕ ಓದಿದವನನ್ನು ಹೊಳೆಗೆ ಇಳಿಸಿದ ಹಾಗೆ!

ಪುಸ್ತಕದಲ್ಲಿದೆ, ಆದರೆ...

ಹಾಗಾದರೆ ತರಬೇತಿಯಲ್ಲೂ ಇದು ಇಲ್ಲವೇ? ಇದೆ. ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಮಂಡಳಿಯ 2014ರ ನಿಯಮಾವಳಿ ಪ್ರಕಾರ ಎರಡು ವರ್ಷದ ಡಿ.ಎಲ್.ಎಡ್. ಕೋರ್ಸಿನಲ್ಲಿ ಕರಕುಶಲ, ಲಲಿತಕಲೆ, ನಾಟಕ, ಮಕ್ಕಳ ದೈಹಿಕ ಮತ್ತು ಮಾನಸಿಕ ಆರೋಗ್ಯ, ಶಾಲಾ ಆರೋಗ್ಯ ಎಲ್ಲವೂ ಪ್ರಾಯೋಗಿಕ ವಿಷಯಗಳು. ಶಾಲೆಯಲ್ಲಿ 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಅದಕ್ಕೆ ಶೇ. 90, ಉಳಿದ ಪಾಠ ಹಾಗೂ ಪ್ರಾಯೋಗಿಕಕ್ಕೆ ಶೇ. 80 ಹಾಜರಿ ಕಡ್ಡಾಯ.

ಅಂದರೆ ನಿಯಮದಲ್ಲಿ ಕೊರತೆ ಇಲ್ಲ. ಆದರೆ ತರಬೇತಿಯಲ್ಲಿ ಕೈಯಾರೆ ಕಲಿತದ್ದನ್ನು ಅರ್ಹತಾ ಪರೀಕ್ಷೆ ಕೇಳುವುದೇ ಇಲ್ಲ. ಕೇಳದ ಪಾಠವನ್ನು ಯಾರು ಮನಸ್ಸಿಟ್ಟು ಕಲಿಯುತ್ತಾರೆ? ಸೀಲು, ಸಹಿ ಬೀಳುವ ತನಕ ರೆಕಾರ್ಡ್ ಪುಸ್ತಕಕ್ಕೆ ಬೆಲೆ. ಆಮೇಲೆ ಅದು ಅಟ್ಟಕ್ಕೆ.

1937ರ ವಾರ್ಧಾ ಶಿಕ್ಷಣ ಯೋಜನೆಯಲ್ಲಿ ಗಾಂಧೀಜಿ ಕೈಕೆಲಸವನ್ನೇ ಕಲಿಕೆಯ ನಡುವೆ ಇಟ್ಟಿದ್ದರು. ಆಗ ಕಾಸರಗೋಡು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆ ವಿಚಾರ ಇಂದು ವರ್ಷಕ್ಕೊಮ್ಮೆ ನಡೆಯುವ ವೃತ್ತಿ ಪರಿಚಯ ಮೇಳದ ಬಹುಮಾನಕ್ಕೆ ಸೀಮಿತವಾದಂತೆ ಕಾಣುತ್ತದೆ.

ಬತ್ತೇರಿ ಕಲಿಸಿದ ಪಾಠ

2019ರ ನವೆಂಬರಿನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯ ಸರಕಾರಿ ಶಾಲೆಯೊಂದರ ತರಗತಿಯೊಳಗೆ ಹಾವು ಕಚ್ಚಿ ಐದನೇ ತರಗತಿಯ ಬಾಲಕಿ ತೀರಿಕೊಂಡಳು. ಆಸ್ಪತ್ರೆಗೆ ಒಯ್ಯಲು ತಡವಾಯಿತೆಂಬ ಆರೋಪ ರಾಜ್ಯವನ್ನೇ ಕಲಕಿತು. ತಪ್ಪು ಯಾರದೇ ಇರಲಿ, ಹಾವು ಕಚ್ಚಿದ ಸಂಶಯ ಬಂದರೆ ಬಿಗಿಯಾಗಿ ಕಟ್ಟದೆ, ಕೊಯ್ಯದೆ, ಮಗುವನ್ನು ಅಲುಗಾಡಲು ಬಿಡದೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು ಎಂಬುದು ಪ್ರತಿ ಅಧ್ಯಾಪಕರಿಗೂ ಬಾಯಿಪಾಠ ಆಗಿರಬೇಕು. ನಾಯಿ ಕಚ್ಚಿದರೆ ಗಾಯವನ್ನು 15 ನಿಮಿಷ ಸಾಬೂನು, ನೀರಿನಲ್ಲಿ ತೊಳೆದು ಲಸಿಕೆಗೆ ಒಯ್ಯಬೇಕು. ಪರೀಕ್ಷೆಯಲ್ಲಿ ಇದನ್ನು ಮಾಡಿ ತೋರಿಸಿದವರಿಗೆ ಆಪತ್ತಿನಲ್ಲಿ ಕೈಕಾಲು ನಡುಗುವುದು ಕಡಿಮೆ.

ಸಣ್ಣ ಶಾಲೆ, ದೊಡ್ಡ ಹೊರೆ

ಗಡಿನಾಡಿಗೆ ಈ ವಿಷಯ ಹೆಚ್ಚು ತಟ್ಟುವುದಕ್ಕೆ ಕಾರಣ ಇದೆ. ಕಲೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯಾನುಭವಕ್ಕೆ ಅರೆಕಾಲಿಕ ಶಿಕ್ಷಕರು ಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುವುದು 6ರಿಂದ 8ನೇ ತರಗತಿಗೆ ಮಾತ್ರ. ಅದೂ ಮಕ್ಕಳ ಸಂಖ್ಯೆ ನೂರು ದಾಟಿದರೆ. ಮಕ್ಕಳು ಕಡಿಮೆ ಇರುವ ಕನ್ನಡ ಶಾಲೆಗಳಿಗೆ ಈ ಭಾಗ್ಯ ಎಲ್ಲಿಂದ? ಅಲ್ಲಿ ಗಣಿತ ಕಲಿಸುವ ಟೀಚರೇ ಡ್ರಾಯಿಂಗ್ ಟೀಚರ್, ಅವರೇ ಮಧ್ಯಾಹ್ನದೂಟದ ಉಸ್ತುವಾರಿ, ಅವರೇ ನರ್ಸು.

ಭಾಷೆಯೂ ಮುಖ್ಯ. ಮನೆಯಲ್ಲಿ ತುಳು, ಬ್ಯಾರಿ, ಹವ್ಯಕ, ಮರಾಠಿ ಆಡುವ ಮಗು ಶಾಲೆಯಲ್ಲಿ ಕನ್ನಡದಲ್ಲೇ ಕಷ್ಟ ಹೇಳಿಕೊಳ್ಳುತ್ತದೆ. "ಹೊಟ್ಟೆ ತೊಳಸ್ತದೆ ಟೀಚರ್" ಅಂದರೆ ಅರ್ಥವಾಗದವರು ಆ ಮಗುವಿಗೆ ಹೇಗೆ ನೆರವಾದಾರು? ಕನ್ನಡ ಬಾರದವರನ್ನು ಕನ್ನಡ ತರಗತಿಗೆ ಕಳುಹಿಸಿದಾಗ ಹೆತ್ತವರು ಪ್ರತಿಭಟಿಸುವುದರ ಹಿಂದೆ ಭಾಷಾಭಿಮಾನವಷ್ಟೇ ಅಲ್ಲ, ಈ ಆತಂಕವೂ ಇದೆ.

ಮಾಡಬೇಕಾದ್ದೇನು?

ಅಧ್ಯಾಪಕರಿಗೆ ಈಗಲೇ ಪರೀಕ್ಷೆಗಳು ಸಾಕಷ್ಟಿವೆ, ಇನ್ನೊಂದು ಯಾಕೆ ಎಂಬ ಮಾತಿನಲ್ಲಿ ಹುರುಳಿದೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಮುಖ ನೋಡಿ ಮಣೆ ಹಾಕುವ ಭಯವೂ ಸುಳ್ಳಲ್ಲ. ಆದ್ದರಿಂದ ಹೊಸ ಪರೀಕ್ಷೆ ಬೇಡ. ತರಬೇತಿಯ ಕೊನೆಯ ಹಂತದಲ್ಲಿ, ಹೊರಗಿನ ಪರೀಕ್ಷಕರ ಎದುರು, ಅರ್ಧ ಗಂಟೆ ಕೆಲಸ ಮಾಡಿ ತೋರಿಸಿದರೆ ಸಾಕು.

ಉದಾಹರಣೆಗೆ, ಎರಡು ಮೀಟರ್ ಅಗಲ, ಮೂರು ಮೀಟರ್ ನೀರಿರುವ ದುಂಡು ಬಾವಿ. ಲೆಕ್ಕ ಹಾಕಿದರೆ ಸುಮಾರು 9,400 ಲೀಟರ್ ನೀರು. ಸಾವಿರ ಲೀಟರಿಗೆ ಎರಡೂವರೆ ಗ್ರಾಂನಂತೆ ಸುಮಾರು 24 ಗ್ರಾಂ ಬ್ಲೀಚಿಂಗ್ ಪೌಡರ್. ಹಾಕಿ ಒಂದು ಗಂಟೆ ಬಿಡಬೇಕು. ಇಲ್ಲಿ ಗಣಿತವೂ ಬಂತು, ಆರೋಗ್ಯವೂ ಬಂತು. ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಮನಾಗಿ ಅಳೆದು ಹಾಕಿ ಜೀವಜಲ ಮಾಡಿಸುವುದು ಇನ್ನೊಂದು. ಇದಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಕಾಗಿಲ್ಲ. ಕನ್ನಡ ಬಲ್ಲ ಪರೀಕ್ಷಕರು ಇರಬೇಕು ಅಷ್ಟೇ. ಮಾಯಿಪ್ಪಾಡಿಯ ಡಯಟ್‌ನಲ್ಲೇ ಮೊದಲು ಮಾಡಿ ನೋಡಬಹುದು.

ನಾಲ್ಕು ವರ್ಷದ ಸಂಯೋಜಿತ ಬಿ.ಎಡ್. ಪದವಿಯೇ 2030ರ ವೇಳೆಗೆ ಶಿಕ್ಷಕರ ಕನಿಷ್ಠ ಅರ್ಹತೆಯಾಗಬೇಕು ಎನ್ನುತ್ತದೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ. ಕೋರ್ಸಿನ ಹೆಸರು ಟಿ.ಟಿ.ಸಿ.ಯಿಂದ ಡಿ.ಎಡ್., ಅಲ್ಲಿಂದ ಡಿ.ಎಲ್.ಎಡ್. ಎಂದು ಬದಲಾಗುತ್ತಲೇ ಬಂದಿದೆ. ಮತ್ತೊಮ್ಮೆ ಬದಲಾಗುವ ಮುನ್ನವಾದರೂ ಮಗುವಿನ ಕೈ, ಬಾವಿಯ ನೀರು, ತರಗತಿಯ ನೆಲದ ಬಿರುಕು ಪರೀಕ್ಷೆಯ ಲೆಕ್ಕಕ್ಕೆ ಬರಬೇಕು.