ಒಂದೇ ಗಂಟು, ಎರಡು ದರ್ಜೆ

ಗೌರಿಬಿದನೂರು ತಾಲ್ಲೂಕಿನ ಅಲೀಪುರವು ರತ್ನದ ಹರಳುಗಳ ವ್ಯಾಪಾರಕ್ಕೆ ಹೆಸರಾದ ಊರು. ಒಂದೇ ಹರಳಿಗೆ ಇಬ್ಬರು ನಿಪುಣರು ಬೇರೆ ಬೇರೆ ದರ್ಜೆಯನ್ನು ಹೇಳಬಹುದೆಂಬುದನ್ನು ಆ ವ್ಯಾಪಾರವನ್ನು ಬಲ್ಲವರು ಒಪ್ಪುವರು. ಬೆಲೆಯ ವಿಷಯದಲ್ಲಿ ಇದು ಸಹ್ಯವೇ ಸರಿ. ಪ್ರಾಣದ ವಿಷಯದಲ್ಲಿಯೂ ಹೀಗಾಗುವುದುಂಟೆಂದರೆ ವಾಚಕರು ಬೆಚ್ಚಬಹುದು, ಆದರೆ ಉಂಟು. ಮೂತ್ರಕೋಶದ ಅರ್ಬುದವು, ಎಂದರೆ ಕ್ಯಾನ್ಸರು, ಇದಕ್ಕೆ ನಿದರ್ಶನವಾಗಿದೆ.

ನೋವಿಲ್ಲದೆ ಮೂತ್ರದಲ್ಲಿ ರಕ್ತವು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಈ ವ್ಯಾಧಿಯ ಪ್ರಥಮ ಸೂಚನೆ. ಧೂಮಪಾನವು ಇದರ ಮುಖ್ಯ ಕಾರಣ. ವೈದ್ಯರು ಮೂತ್ರಮಾರ್ಗದಿಂದಲೇ ಉಪಕರಣವನ್ನು ಹೊಗಿಸಿ ಗಂಟನ್ನು ತೆಗೆಯುವರು. ಅದನ್ನು ಮೇಣದಲ್ಲಿ ಹುದುಗಿಸಿ, ಅತಿ ತೆಳುವಾಗಿ ಕೊಯ್ದು, ಬಣ್ಣ ಹಾಕಿ, ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸತಕ್ಕವರು ಪೆಥಾಲಜಿಸ್ಟರು. ಗಂಟು ಎಷ್ಟು ಆಳಕ್ಕೆ ಇಳಿದಿದೆ, ಅದರ ಜೀವಕೋಶಗಳು ಎಷ್ಟು ವಿಕಾರಗೊಂಡಿವೆ ಎಂಬ ಎರಡು ಸಂಗತಿಗಳನ್ನು ಅವರು ಹೇಳಬೇಕು. ಈ ಎರಡನೆಯದಕ್ಕೇ ದರ್ಜೆಯೆಂದು ಹೆಸರು.

ವಿಶ್ವ ಆರೋಗ್ಯ ಸಂಸ್ಥೆಯು 1973ರಲ್ಲಿ ಮೂರು ದರ್ಜೆಗಳನ್ನು ಗೊತ್ತುಮಾಡಿತು. ಸಂದೇಹ ಬಂದುದೆಲ್ಲವೂ ನಡುವಣ ದರ್ಜೆಗೆ ಹೋಗಿ ಸೇರತೊಡಗಿತು. ಉತ್ತರಪತ್ರಿಕೆಗಳನ್ನು ತಿದ್ದಿದ ನಮಗೆ ಇದು ಸೋಜಿಗವಲ್ಲ: ಉತ್ತಮಾಧಮಗಳಲ್ಲಿ ಪರೀಕ್ಷಕರಿಗೆ ವಿವಾದವಿಲ್ಲ, ಮಧ್ಯಮದಲ್ಲಿಯೇ ವಿವಾದ. 2004ರಲ್ಲಿ ಆ ಸಂಸ್ಥೆಯು ಕ್ಯಾನ್ಸರನ್ನು ಕೆಳದರ್ಜೆ, ಮೇಲ್ದರ್ಜೆ ಎಂದು ಎರಡಾಗಿಯೇ ವಿಂಗಡಿಸಿತು. ಮೇಲ್ದರ್ಜೆಯೆಂದರೆ ಹೆಚ್ಚು ಉಗ್ರವಾದುದು.

ಪರೀಕ್ಷಕರ ಏಕಾಭಿಪ್ರಾಯವನ್ನು ಅಳೆಯಲು ಜೇಕಬ್ ಕೋಹೆನ್ ಎಂಬ ವಿದ್ವಾಂಸರು 1960ರಲ್ಲಿ ‘ಕಪ್ಪಾ’ ಎಂಬ ಮಾನವನ್ನು ಸೂಚಿಸಿದರು. ಕಣ್ಣು ಮುಚ್ಚಿ ಹೇಳಿದರೂ ಇಬ್ಬರ ಮಾತು ಕೆಲವೊಮ್ಮೆ ಕೂಡಬಹುದಷ್ಟೆ. ಆ ಆಕಸ್ಮಿಕವನ್ನು ಕಳೆದು ಉಳಿದ ಒಮ್ಮತವನ್ನು ಇದು ತಿಳಿಸುವುದು. ಪೂರ್ಣ ಒಮ್ಮತವಿದ್ದರೆ 1, ಕೇವಲ ಆಕಸ್ಮಿಕವಾದರೆ 0. ಮೂತ್ರಕೋಶದ ದರ್ಜೆಯಲ್ಲಿ ಹಲವು ಪರೀಕ್ಷೆಗಳ ಫಲವು ಇವೆರಡರ ನಡುವೆಯೇ ನಿಂತಿದೆ. ಹೊಸ ವಿಂಗಡಣೆಯಿಂದಲೂ ಭೇದವು ಪೂರ್ಣವಾಗಿ ಅಳಿದಿಲ್ಲ. ಪ್ರಕೃತಿಯು ಎರಡು ದರ್ಜೆಗಳ ನಡುವೆ ಗೆರೆಯನ್ನು ಎಳೆದಿಲ್ಲ. ಒಂದೇ ಗಂಟಿನಲ್ಲಿ ಸೌಮ್ಯಭಾಗವೂ ಉಗ್ರಭಾಗವೂ ಇರಬಹುದು. ತುಣುಕು ಓರೆಯಾಗಿ ಕೊಯ್ಯಲ್ಪಟ್ಟಿರಬಹುದು. ಇದು ಪರೀಕ್ಷಕರ ಅಲಕ್ಷ್ಯವೆಂದು ತಿಳಿಯಲಾಗದು.

ಆದರೆ ಚಿಕಿತ್ಸೆಯು ಈ ಮಾತನ್ನೇ ಅವಲಂಬಿಸುತ್ತದೆ. ಆಳಕ್ಕಿಳಿಯದ ಕೆಳದರ್ಜೆಯ ಗಂಟನ್ನು ತೆಗೆದು, ಆಗಾಗ ಒಳನೋಡಿ ಕಾಯುವುದೇ ಬಹುಮಟ್ಟಿಗೆ ಸಾಕಾಗಬಹುದು. ಮೇಲ್ದರ್ಜೆಯದಾದರೆ ಕ್ಷಯನಿರೋಧಕವಾದ ಬಿಸಿಜಿಯನ್ನು ವಾರವಾರವೂ ಮೂತ್ರಕೋಶಕ್ಕೆ ತುಂಬುವರು. ಈ ಕ್ರಮವನ್ನು 1976ರಲ್ಲಿ ಕೆನಡಾದ ಮೊರಾಲೆಸ್ ಎಂಬ ವೈದ್ಯರು ಪ್ರಕಟಿಸಿದರು. ಕೆಲವರಿಗೆ ಮೂತ್ರಕೋಶವನ್ನೇ ತೆಗೆಯಬೇಕಾದೀತು. ದರ್ಜೆ ಕಡಮೆಯಾಗಿ ಬರೆಯಲ್ಪಟ್ಟರೆ ರೋಗವು ಮುಂದುವರಿದೀತು. ಹೆಚ್ಚಾಗಿ ಬರೆಯಲ್ಪಟ್ಟರೆ ರೋಗಿಯು ವೃಥಾ ಕಷ್ಟಪಟ್ಟಾನು.

ಆದುದರಿಂದ ಗೃಹಸ್ಥರಿಗೆ ನಮ್ಮ ಸೂಚನೆ ಇಷ್ಟೆ. ದೊಡ್ಡ ಚಿಕಿತ್ಸೆಗೆ ಒಪ್ಪುವ ಮುನ್ನ ಗಾಜಿನ ತುಣುಕುಗಳನ್ನೂ ಮೇಣದ ಅಚ್ಚನ್ನೂ ಕೇಳಿ ಪಡೆದು, ಈ ವಿಷಯದಲ್ಲಿ ವಿಶೇಷ ಪರಿಶ್ರಮವುಳ್ಳ ಮತ್ತೊಬ್ಬರಿಗೆ ತೋರಿಸಿರಿ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿಯಂತಹ ಕ್ಯಾನ್ಸರ್ ಆಸ್ಪತ್ರೆಗಳು ನಮ್ಮ ಸೀಮೆಗೆ ದೂರವೇನಲ್ಲ. ಎರಡನೆಯ ಅಭಿಪ್ರಾಯವನ್ನು ಕೇಳುವುದು ಮೊದಲ ವೈದ್ಯರಿಗೆ ಅವಮಾನವಲ್ಲ. ಅದನ್ನು ಅವರಿಗೇ ತಿಳಿಸಿ ಮಾಡುವುದು ಉಚಿತ. ಆದರೆ ಇದರಲ್ಲಿ ತಿಂಗಳುಗಳನ್ನು ಕಳೆಯಲಾಗದು. ಇಬ್ಬರ ಮಾತೂ ಒಂದಾದರೆ ಧೈರ್ಯ. ಬೇರೆಯಾದರೆ, ಚಿಕಿತ್ಸೆಯ ಮೊದಲೇ ತಿಳಿಯಿತೆಂಬುದೇ ಲಾಭ.