ಮಳೆಯ ಲೆಕ್ಕವನ್ನು ತಿದ್ದುವ ಬಗೆ

ಬೇಲೂರಿನಿಂದ ಅರಸೀಕೆರೆಗೆ ನೇರವಾದ ಗೆರೆಯೊಂದನ್ನು ಎಳೆದರೆ ಅದರ ಉದ್ದ ೫೦ ಕಿಲೋಮೀಟರಿಗೂ ಕಡಿಮೆ. ಆದರೂ ಆ ಎರಡು ಊರುಗಳ ಮಳೆ ಒಂದೇ ಅಲ್ಲ. ಬೇಲೂರು ಮಲೆನಾಡಿನ ಅಂಚಿನಲ್ಲಿದೆ. ಅದರ ಪಡುವಣ ಭಾಗದಲ್ಲಿ ಕಾಫಿ, ಮೆಣಸು ಬೆಳೆಯುತ್ತವೆ. ಮೂಡಣಕ್ಕೆ ಹೊರಟು ಹಳೇಬೀಡನ್ನು ದಾಟಿ ಅರಸೀಕೆರೆಯನ್ನು ಮುಟ್ಟುವಷ್ಟರಲ್ಲಿ ನಾವು ರಾಗಿಯ, ತೆಂಗಿನ, ಪದೇಪದೇ ಬರವನ್ನು ಕಂಡ ಬಯಲುಸೀಮೆಯಲ್ಲಿರುತ್ತೇವೆ. ಇಂತಹ ಜಿಲ್ಲೆಯಲ್ಲಿ ಸರಾಸರಿ ಮಳೆ ಇಷ್ಟು ಎಂದರೆ ಅದು ಯಾವ ರೈತನ ಹೊಲಕ್ಕೂ ಹೊಂದದ ಮಾತು. ಆದುದರಿಂದಲೇ ಮಳೆಯನ್ನು ಊರೂರಿನಲ್ಲಿ ಅಳೆಯಬೇಕಾಗಿದೆ.

ಆ ಕೆಲಸ ಈಗ ನಡೆಯುತ್ತಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಸುಮಾರು ೬,೫೦೦ ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ಸ್ಥಾಪಿಸಿದೆ. ಅವು ೧೫ ನಿಮಿಷಕ್ಕೊಂದು ಎಣಿಕೆಯನ್ನು ದೂರವಾಣಿಯ ಜಾಲದ ಮೂಲಕ ಬೆಂಗಳೂರಿಗೆ ಕಳುಹಿಸುತ್ತವೆ. ಹೀಗೆ ಕಾಲದ ಗುರುತನ್ನು ಹೊತ್ತು ಒಂದರ ಹಿಂದೊಂದು ಬರುವ ಅಂಕಿಗಳ ಸಾಲಿಗೆ ಕಾಲಸರಣಿ ಎಂದು ಹೆಸರು. ಇವನ್ನು ಕೂಡಿಡಲೆಂದೇ ರಚಿಸಿದ ಗಣಕದ ಉಗ್ರಾಣವೇ ಟೈಮ್ ಸೀರೀಸ್ ಡೇಟಾಬೇಸ್, ಅಂದರೆ ಕಾಲಸರಣಿಯ ದತ್ತಸಂಚಯ. ಅದರಲ್ಲಿ ಹೊಸ ದಾಖಲೆಯನ್ನು ಸೇರಿಸುವುದು ಹೇಗೆ, ಹಳೆಯದನ್ನು ತಿದ್ದುವುದು ಹೇಗೆ ಎಂಬ ಪ್ರಶ್ನೆ ಕೇವಲ ಯಂತ್ರಶಿಲ್ಪಿಗಳಿಗೆ ಸೇರಿದ್ದೆಂದು ಅನೇಕರು ಭಾವಿಸಿದ್ದಾರೆ. ಅದು ಹಾಗಲ್ಲ, ನ್ಯಾಯಕ್ಕೆ ಸಂಬಂಧಿಸಿದ ಪ್ರಶ್ನೆಯೆಂಬುದೇ ಈ ಲೇಖನದ ವಾದ.

ಬರಹವನ್ನು ಇಡುವ ಎರಡು ಪದ್ಧತಿಗಳು ನಮ್ಮ ನಾಡಿಗೆ ಹೊಸತಲ್ಲ. ಒಂದು ಕಡತ, ಮತ್ತೊಂದು ಶಾಸನ. ಬಟ್ಟೆಗೆ ಕಪ್ಪು ಲೇಪವನ್ನು ಕೊಟ್ಟು, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ ಹಿಂದಿನ ಕಡತ. ಅದರಲ್ಲಿ ಬರೆದುದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಅಂಗಡಿಯ ಇಂದಿನ ಬಾಕಿ ಎಷ್ಟೆಂದು ತಿಳಿದರೆ ಸಾಕಾಗಿದ್ದಾಗ ಅದು ಬಹಳ ಅನುಕೂಲ. ಶಾಸನದ ರೀತಿ ಬೇರೆ. ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದುದು ೧೧೧೭ರಲ್ಲಿ. ಮುಂದೆ ಮಹಾದ್ವಾರದ ಗೋಪುರವು ಸುಟ್ಟುಹೋಗಿ, ಇಮ್ಮಡಿ ಹರಿಹರನ ದಂಡನಾಯಕನಾದ ಗುಂಡನು ೧೩೯೭ರಲ್ಲಿ ಅದನ್ನು ಮರಳಿ ಕಟ್ಟಿಸಿದಾಗ, ಆ ಸಂಗತಿಯನ್ನು ತಿಳಿಸಲು ಹಳೆಯ ಶಾಸನವನ್ನು ಕೆರೆದುಹಾಕಲಿಲ್ಲ. ಹೊಸ ಶಾಸನವನ್ನು ಬರೆಸಿದರು. ಎರಡೂ ಉಳಿದಿರುವುದರಿಂದಲೇ ಆ ದೇವಾಲಯದ ಚರಿತ್ರೆ ನಮಗೆ ದೊರೆತಿದೆ. ಹಳೆಯ ಬರಹವನ್ನು ಉಜ್ಜಿಹಾಕಿದ ಕಲ್ಲುಗಳೂ ನಮ್ಮಲ್ಲಿ ಇಲ್ಲದಿಲ್ಲ. ಅವನ್ನು ಕಂಡಾಗ ವಿದ್ವಾಂಸರು ಮರುಗುತ್ತಾರೆ.

ಶಾಸನಗಳು ಕಾಲದ ಗುರುತಿನ ವಿಷಯದಲ್ಲಿಯೂ ನಮಗೆ ಪಾಠ ಹೇಳುತ್ತವೆ. ೧೧೧೭ನೆಯ ವರ್ಷ ಹೇವಿಳಂಬಿ ಸಂವತ್ಸರ. ಅರವತ್ತು ವರ್ಷಗಳಿಗೊಮ್ಮೆ ಅದೇ ಹೆಸರು ಮರಳಿ ಬರುತ್ತದೆ. ೨೦೧೭ ಕೂಡ ಹೇವಿಳಂಬಿಯೇ. ಸಂವತ್ಸರದ ಹೆಸರೊಂದನ್ನೇ ಬರೆದಿದ್ದರೆ ಶತಮಾನವೇ ತಪ್ಪುತ್ತಿತ್ತು. ಅದಕ್ಕೆ ಹಿಂದಿನವರು ಶಕವರ್ಷ ೧೦೩೯ ಎಂಬುದನ್ನೂ ಸೇರಿಸಿದರು. ಮಾಸ, ತಿಥಿ, ವಾರಗಳು ಒಂದಕ್ಕೊಂದು ಸಾಕ್ಷಿಯಾಗಿ ನಿಲ್ಲುತ್ತವೆ. ಮಳೆಯ ದಾಖಲೆಗೂ ಇಂಥದೇ ಎಚ್ಚರ ಬೇಕು. ಭಾರತೀಯ ಹವಾಮಾನ ಇಲಾಖೆಯ ಪದ್ಧತಿಯಲ್ಲಿ ಮಳೆಯ ದಿನವು ಬೆಳಿಗ್ಗೆ ೮-೩೦ಕ್ಕೆ ಮುಗಿಯುತ್ತದೆ. ೫ನೆಯ ತಾರೀಖು ಬೆಳಿಗ್ಗೆ ೭ ಗಂಟೆಗೆ ಸುರಿದ ಮಳೆ ೫ರ ಲೆಕ್ಕಕ್ಕೂ, ಅದೇ ದಿನ ೧೦ ಗಂಟೆಗೆ ಸುರಿದದ್ದು ೬ರ ಲೆಕ್ಕಕ್ಕೂ ಸೇರುತ್ತವೆ. ಗಣಕವು ಜಾಗತಿಕ ಕಾಲವನ್ನು ಅನುಸರಿಸಿದರೆ ನಮ್ಮ ೮-೩೦ ಅದಕ್ಕೆ ೩ ಗಂಟೆ. ಯಾವ ಗಡಿಯಾರದ ಮಾತೆಂದು ಹೇಳದ ಅಂಕಿ, ಶಕವರ್ಷವಿಲ್ಲದ ಹೇವಿಳಂಬಿಯಂತೆಯೇ ಸರಿ.

ಈಗ ತಿದ್ದುವ ಪ್ರಶ್ನೆಗೆ ಬರೋಣ. ಹಳೇಬೀಡಿನ ಸುತ್ತಣ ಒಂದು ಪಂಚಾಯಿತಿಯಲ್ಲಿ ಮಳೆಮಾಪಕದ ಆಲಿಕೆಗೆ ತರಗೆಲೆ ಸಿಕ್ಕಿಕೊಂಡಿತೆಂದು ಭಾವಿಸಿರಿ. ಸಂಜೆ ೪ರಿಂದ ೫ರವರೆಗೆ ಸುತ್ತಲೂ ಜಡಿಮಳೆ ಬಿದ್ದಿದೆ. ಈ ಮಾಪಕ ಮಾತ್ರ ಸೊನ್ನೆಯನ್ನು ಕಳುಹಿಸಿದೆ. ಮಾರನೆಯ ದಿನ ಅಧಿಕಾರಿಯೊಬ್ಬರು ದೋಷವನ್ನು ಕಂಡು, ನೆರೆಯ ಮಾಪಕಗಳ ಆಧಾರದಿಂದ ಅಲ್ಲಿ ೩೮ ಮಿಲಿಮೀಟರ್ ಬಿದ್ದಿರಬೇಕೆಂದು ಅಂದಾಜು ಮಾಡುತ್ತಾರೆ. ಅವರು ಸೊನ್ನೆಯನ್ನು ಅಳಿಸಿ ೩೮ ಎಂದು ಬರೆದರೆ ಅಂಕಿ ಸತ್ಯಕ್ಕೆ ಸಮೀಪವಾಯಿತು, ನಿಜ. ಆದರೆ ಅದು ಅಳೆದ ಅಂಕಿಯೋ ಊಹಿಸಿದ ಅಂಕಿಯೋ ಎಂಬುದು ಮುಂದೆ ಯಾರಿಗೂ ತಿಳಿಯದು. ಮಾಪಕ ಕೆಟ್ಟಿದ್ದ ಸಂಗತಿಯೂ ಅದರೊಂದಿಗೆ ಅಳಿಯಿತು.

ಇದರಿಂದ ಯಾರಿಗೆ ನಷ್ಟ? ೨೦೧೬ರಲ್ಲಿ ಕೇಂದ್ರ ಸರ್ಕಾರವು ಜಾರಿಗೆ ತಂದ ಮರುವಿನ್ಯಾಸಗೊಂಡ ಹವಾಮಾನ ಆಧಾರಿತ ಬೆಳೆ ವಿಮಾ ಯೋಜನೆಯನ್ನು ನೋಡಿರಿ. ಇದರಲ್ಲಿ ಪರಿಹಾರವನ್ನು ನಿರ್ಧರಿಸುವುದು ಬೆಳೆಯ ಕುಯಿಲಿನ ಪರೀಕ್ಷೆಯಲ್ಲ, ಮಾಪಕದ ಅಂಕಿ. ಅಡಿಕೆಯನ್ನೋ ಮೆಣಸನ್ನೋ ಬೆಳೆದವನಿಗೆ ಹಣ ಬರುವುದೂ ಬಾರದಿರುವುದೂ ಕೆಲವು ಮಿಲಿಮೀಟರುಗಳನ್ನು ಅವಲಂಬಿಸಿರಬಹುದು. ಅಂಕಿಯನ್ನು ಯಾವಾಗ, ಯಾವ ಕಾರಣಕ್ಕೆ ತಿದ್ದಿದಿರಿ ಎಂದು ಕೇಳುವ ಹಕ್ಕು ರೈತನಿಗೂ ಉಂಟು, ವಿಮಾ ಸಂಸ್ಥೆಗೂ ಉಂಟು. ಕಡತ ಒರೆಸಿಹೋಗಿದ್ದರೆ ಉತ್ತರಿಸುವವರು ಯಾರು?

ಆದುದರಿಂದ ತಿದ್ದುಪಡಿಯೂ ಒಂದು ಹೊಸ ದಾಖಲೆಯಾಗಿಯೇ ಸೇರತಕ್ಕದ್ದು. ಅದರಲ್ಲಿ ಎರಡು ಕಾಲಗಳಿರಬೇಕು: ಮಳೆ ಬಿದ್ದ ಕಾಲ, ಅಂಕಿಯನ್ನು ಬರೆದ ಕಾಲ. ಜೊತೆಗೆ ಕಾರಣವನ್ನೂ ತಿದ್ದಿದವರ ಗುರುತನ್ನೂ ಸೇರಿಸಬೇಕು. ಈ ಎರಡು ಕಾಲಗಳ ಭೇದ ಶಾಸನಶಾಸ್ತ್ರದಲ್ಲಿ ಸಹಜವಾಗಿಯೇ ಇದೆ. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ೫ನೆಯ ಸಂಪುಟವಾಗಿ ೧೯೦೨ರಲ್ಲಿ ಪ್ರಕಟಿಸಿದರು. ಅನಂತರವೂ ಎಷ್ಟೋ ಶಾಸನಗಳು ದೊರೆತವು. ಅವು ಅನುಬಂಧಗಳಲ್ಲಿ ಸೇರಿದವು. ಹನ್ನೆರಡನೆಯ ಶತಮಾನದ ಕಲ್ಲು ಇಪ್ಪತ್ತನೆಯ ಶತಮಾನದಲ್ಲಿ ಪಟ್ಟಿಗೆ ಬಂತೆಂದು ಅದರ ಕಾಲವೇನೂ ಬದಲಾಗಲಿಲ್ಲ. ದೂರವಾಣಿಯ ಸಂಪರ್ಕ ಕಡಿದು, ಮಾಪಕದಲ್ಲೇ ಉಳಿದು, ತಡವಾಗಿ ತಲಪುವ ಅಂಕಿಯೂ ಅಂಥದೇ.

ಆದರೆ ಗಣಕದ ಸಾಧನಗಳು ತಾವಾಗಿಯೇ ಹೀಗೆ ನಡೆದುಕೊಳ್ಳುತ್ತವೆಂದು ನಂಬಬಾರದು. ಇನ್‌ಫ್ಲಕ್ಸ್‌ಡಿಬಿ ಎಂಬ ದತ್ತಸಂಚಯದಲ್ಲಿ ಅದೇ ಸರಣಿಗೆ, ಅದೇ ಕಾಲಕ್ಕೆ ಎರಡನೆಯ ಬೆಲೆಯನ್ನು ಬರೆದರೆ ಮೊದಲಿನದು ಸದ್ದಿಲ್ಲದೆ ಮಾಯವಾಗುತ್ತದೆ. ಅಲ್ಲಿ ತಿದ್ದುಪಡಿಗೆ ಬೇರೊಂದು ಗುರುತನ್ನು ಕೊಟ್ಟು ಬರೆಯಬೇಕು. ಪ್ರಾಮಿಥಿಯಸ್ ಎಂಬುದು ಕ್ರಮ ತಪ್ಪಿ ಬಂದ ಅಂಕಿಗಳನ್ನು ಸಾಮಾನ್ಯವಾಗಿ ನಿರಾಕರಿಸುತ್ತದೆ. ಬೇಕೆಂದವರು ಸ್ವೀಕರಿಸುವ ಏರ್ಪಾಡು ೨೦೨೨ರಲ್ಲಷ್ಟೇ ಬಂದಿತು. ಪೋಸ್ಟ್‌ಗ್ರೆಸ್‌ನ ಮೇಲೆ ನಿಂತಿರುವ ಟೈಮ್‌ಸ್ಕೇಲ್‌ಡಿಬಿಯಲ್ಲಿ, ಒಂದು ಕಾಲಕ್ಕೆ ಒಂದೇ ದಾಖಲೆಯೆಂಬ ನಿಬಂಧನೆಯಿದ್ದಾಗ, ಎರಡನೆಯದು ಬಂದರೆ ತಳ್ಳುವುದೋ, ಕಡೆಗಣಿಸುವುದೋ, ಹಳೆಯದನ್ನು ತಿದ್ದುವುದೋ ಎಂಬ ನಿರ್ಧಾರವನ್ನು ಕಾರ್ಯಕ್ರಮ ಬರೆಯುವವನಿಗೆ ಬಿಟ್ಟಿದೆ. ಯಂತ್ರಕ್ಕೆ ಧರ್ಮಾಧರ್ಮಗಳ ವಿವೇಕವಿಲ್ಲ. ಅದನ್ನು ನಾವೇ ಕೊಡಬೇಕು.

ಎಲ್ಲವನ್ನೂ ಉಳಿಸಿಕೊಂಡರೆ ಜಾಗ ಸಾಲದೆಂಬ ಆಕ್ಷೇಪ ಉಂಟು. ಲೆಕ್ಕ ಮಾಡೋಣ. ೧೫ ನಿಮಿಷಕ್ಕೊಂದರಂತೆ ಒಂದು ಮಾಪಕದಿಂದ ದಿನಕ್ಕೆ ೯೬, ವರ್ಷಕ್ಕೆ ೩೫,೦೪೦ ಅಂಕಿಗಳು. ೬,೫೦೦ ಮಾಪಕಗಳಿಂದ ೨೨ ಕೋಟಿ ೭೭ ಲಕ್ಷದ ೬೦ ಸಾವಿರ. ಕಾಲಕ್ಕೆ ೮ ಬೈಟ್, ಬೆಲೆಗೆ ೮ ಬೈಟ್ ಹಿಡಿದರೆ ಒಟ್ಟು ೩.೬೪ ಗಿಗಾಬೈಟ್. ಇಡೀ ರಾಜ್ಯದ ಒಂದು ವರ್ಷದ ಮಳೆ ಉಗುರಿನಷ್ಟು ಅಗಲದ ಸ್ಮೃತಿಫಲಕದಲ್ಲಿ ಅಡಗುತ್ತದೆ! ತಿದ್ದುಪಡಿಗಳು ನೂರಕ್ಕೆ ಹತ್ತರಷ್ಟೇ ಆದರೂ ಭಾರವೇನು? ಜನಕ್ಕೆ ಒಂದೇ ಉತ್ತರ ಬೇಕೆಂಬ ಆಕ್ಷೇಪಕ್ಕೂ ಸಮಾಧಾನವಿದೆ. ಸಾಮಾನ್ಯರಿಗೆ ಕೊನೆಯ ದಾಖಲೆಯನ್ನು ತೋರಿಸಿದರೆ ಸಾಕು. ಇಂಥ ದಿನ ನಿಮಗೆ ತಿಳಿದಿದ್ದುದೇನು ಎಂದು ಕೇಳಿದವರಿಗೆ ಆ ದಿನದವರೆಗಿನ ದಾಖಲೆಗಳನ್ನು ತೋರಿಸಬಹುದು. ವ್ಯಕ್ತಿಗಳ ಖಾಸಗಿ ವಿವರಗಳ ಮಾತು ಬೇರೆ. ಅಲ್ಲಿ ಅಳಿಸುವುದೇ ಕೆಲವೊಮ್ಮೆ ಧರ್ಮ. ಮಳೆ ಯಾರ ಗುಟ್ಟೂ ಅಲ್ಲ.

ತಪ್ಪು ಬಯಲಾದರೆ ಕಚೇರಿಯ ಮರ್ಯಾದೆ ಹೋಗುವುದೆಂಬ ಅಳುಕೇ ಬಹುಶಃ ಎಲ್ಲಕ್ಕಿಂತ ದೊಡ್ಡ ಅಡ್ಡಿ. ತಿದ್ದಿದ ಗುರುತುಗಳುಳ್ಳ ಲೆಕ್ಕವನ್ನೇ ಜನ ಹೆಚ್ಚು ನಂಬುತ್ತಾರೆಂಬುದನ್ನು ಕಚೇರಿಗಳು ಅರಿಯಬೇಕು. ಒಂದು ಕಲೆಯೂ ಇಲ್ಲದ ಲೆಕ್ಕವೇ ಸಂಶಯಕ್ಕೆ ಎಡೆಗೊಡುತ್ತದೆ.

ವಿದ್ಯಾರ್ಥಿಗಳು ಈ ಅಭ್ಯಾಸವನ್ನು ಗಣಕದ ಮುಂದೆ ಕೂಡುವ ಮೊದಲೇ ಆರಂಭಿಸಬಹುದು. ನಿಮ್ಮ ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವನ್ನಿಟ್ಟು, ದಿನವೂ ಬೆಳಿಗ್ಗೆ ೮-೩೦ಕ್ಕೆ ಓದಿ, ಶಾಯಿಯಲ್ಲಿ ಬರೆಯಿರಿ. ತಪ್ಪಾದರೆ ರಬ್ಬರನ್ನು ಹುಡುಕಬೇಡಿ. ಹಳೆಯ ಅಂಕಿ ಕಾಣುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ತಾರೀಖು ಹಾಕಿ, ಕಾರಣ ತಿಳಿಸಿ, ಸಹಿ ಮಾಡಿರಿ. ನಾಳೆ ರಾಜ್ಯದ ದತ್ತಸಂಚಯಗಳನ್ನು ಕಟ್ಟುವವರು ನಿಮ್ಮಲ್ಲಿಯೇ ಇದ್ದಾರೆ.